ಗ್ಯಾಲಕ್ಸಿ ಗುಂಪುಗಳು ಡಿಕ್ಕಿ ಹೊಡೆದಾಗ ಹಿಂದೆ ಉಳಿದದ್ದು ಯಾವುದು?

ಇವತ್ತಿನದು ಒಂದು ಡಿಕ್ಕಿಯ ಕತೆ. ಜಾಗ ನಮ್ಮಿಂದ 300 ಕೋಟಿ ಜ್ಯೋತಿರ್ವರ್ಷಕ್ಕೂ ಹೆಚ್ಚು ದೂರ. ಹೆಸರು ಬುಲೆಟ್ ಕ್ಲಸ್ಟರ್.

ಗುರುತ್ವದ ಹಿಡಿತದಲ್ಲಿ ಒಟ್ಟಿಗಿರೋ ನೂರಾರು ಗ್ಯಾಲಕ್ಸಿಗಳ ಗುಂಪಿಗೆ ಕ್ಲಸ್ಟರ್ ಅಂತಾರೆ. ಇಲ್ಲಿ ಒಂದು ಸಣ್ಣ ಗುಂಪು ದೊಡ್ಡ ಗುಂಪಿನೊಳಗೆ ನುಗ್ಗಿ ಆಚೆ ಕಡೆಯಿಂದ ಹೊರಬಿದ್ದಿದೆ. ತಮಾಷೆ ಏನಂದ್ರೆ, ಗ್ಯಾಲಕ್ಸಿಗಳಿಗೆ ಏನೂ ಆಗಿಲ್ಲ. ಅವುಗಳ ನಡುವೆ ಅಷ್ಟೊಂದು ಖಾಲಿ ಜಾಗ! ಪೆಟ್ಟು ತಿಂದಿದ್ದು ಅನಿಲ. ಕ್ಲಸ್ಟರ್ ತುಂಬ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ಹರಡಿಕೊಂಡಿರುತ್ತೆ. ನಕ್ಷತ್ರಗಳೆಲ್ಲ ಸೇರಿದರೂ ಅದರಷ್ಟು ತೂಗಲ್ಲ. ಎರಡು ಕಡೆಯ ಅನಿಲ ಒಂದಕ್ಕೊಂದು ಉಜ್ಜಿ, ವೇಗ ಕಳ್ಕೊಂಡು ಹಿಂದೆ ಉಳೀತು.

ಚಂದ್ರಾ ಎಕ್ಸ್-ರೇ ದೂರದರ್ಶಕದ (ಹೌದು, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನದೇ) ಆ ಪ್ರಸಿದ್ಧ ಚಿತ್ರದಲ್ಲಿ ಗುಲಾಬಿ ಬಣ್ಣ ಈ ಅನಿಲದ್ದು. ಪಕ್ಕದ ನೀಲಿಯನ್ನೂ ನಾನು ಬಹಳ ದಿನ ಫೋಟೋ ಅಂತಲೇ ನಂಬಿದ್ದೆ. ಅಲ್ಲ, ಅದು ಲೆಕ್ಕ ಹಾಕಿ ಬರೆದ ನಕ್ಷೆ. ಹಿಂದೆ ಇರೋ ಗ್ಯಾಲಕ್ಸಿಗಳ ಬೆಳಕು ಕ್ಲಸ್ಟರ್ ಹತ್ತಿರ ಹಾದು ಬರುವಾಗ ಬಾಗುತ್ತೆ, ಆಕಾರ ಸ್ವಲ್ಪ ಎಳೆದಂತೆ ಕಾಣುತ್ತೆ. ಎಷ್ಟು ಎಳೆದಿದೆ ಅಂತ ಅಳೆದರೆ ತೂಕ ಎಲ್ಲಿದೆ ಅನ್ನೋದು ಗೊತ್ತಾಗುತ್ತೆ. ಕಣ್ಣಿಗೆ ಕಾಣೋದಷ್ಟೇ ಇದ್ದಿದ್ರೆ ಹೆಚ್ಚಿನ ತೂಕ ಅನಿಲದ ಜೊತೆ ನಡುವೆ ಸಿಗಬೇಕಿತ್ತು. ಆದರೆ 2006ರಲ್ಲಿ ಡಗ್ಲಾಸ್ ಕ್ಲೋ ಮತ್ತು ಸಂಗಡಿಗರಿಗೆ ಸಿಕ್ಕಿದ್ದು ಅನಿಲದಿಂದ ದೂರ, ಗ್ಯಾಲಕ್ಸಿಗಳ ಜೊತೆ. ಯಾವುದಕ್ಕೂ ತಾಗದೆ ಹಾದುಹೋಗಿರೋ ಈ ಕಾಣದ ತೂಕವೇ ಡಾರ್ಕ್ ಮ್ಯಾಟರ್ ಅಂತ ಅವರು ವಾದಿಸಿದರು.

ಇಲ್ಲೊಂದು ತೊಡಕು ಬಂತು. ಅನಿಲದಲ್ಲಿ ಎದ್ದ ಆಘಾತ ಅಲೆಯ ವೇಗ ಸೆಕೆಂಡಿಗೆ ಸುಮಾರು 4,700 ಕಿಲೋಮೀಟರ್. ಡಾರ್ಕ್ ಮ್ಯಾಟರ್ ನಂಬೋ ಸಿದ್ಧಾಂತದ ಪ್ರಕಾರ ಇಷ್ಟು ಜೋರಾಗಿ ಗುದ್ದೋ ಕ್ಲಸ್ಟರ್ ಸಿಗೋದೇ ಕಷ್ಟ. ಅಂದ್ರೆ ಸಾಕ್ಷಿಯೇ ಉಲ್ಟಾ ಹೊಡೆಯೋ ಸ್ಥಿತಿ! 2007ರಲ್ಲಿ ಫೋಲ್ಕರ್ ಸ್ಪ್ರಿಂಗೆಲ್, ಗ್ಲೆನಿಸ್ ಫ್ಯಾರರ್ ಕಂಪ್ಯೂಟರಲ್ಲಿ ಈ ಡಿಕ್ಕಿಯನ್ನು ಮತ್ತೆ ಮಾಡಿಸಿ ನೋಡಿದರು. ಸಣ್ಣ ಗುಂಪಿನ ನಿಜವಾದ ವೇಗ ಸುಮಾರು 2,600 ಅಷ್ಟೇ ಅಂತ ಬಂತು. ಮುಂದಿನ ಅನಿಲ ಅದರ ಸೆಳೆತಕ್ಕೆ ಸಿಕ್ಕಿ ತಾನೂ ಎದುರಿಗೆ ಬರ್ತಿತ್ತು. ಎದುರುಗಾಳಿಯಲ್ಲಿ ಬೈಕ್ ಓಡಿಸಿ, ಮುಖಕ್ಕೆ ಬಡಿಯೋ ಗಾಳಿ ನೋಡಿ ಸ್ಪೀಡ್ ಹೇಳಿದಂಗಾಗಿತ್ತು.

ಹಾಗಂತ ಎಲ್ಲ ಡಿಕ್ಕಿಗಳೂ ಇಷ್ಟು ನೀಟಾಗಿಲ್ಲ. ಏಬೆಲ್ 520ರಲ್ಲಿ ಗ್ಯಾಲಕ್ಸಿ ಕಡಿಮೆ ಇರೋ ನಡುಭಾಗದಲ್ಲೇ ಭಾರಿ ತೂಕ ಇದೆ ಅಂತ 2007ರಲ್ಲಿ ಒಂದು ತಂಡ ಹೇಳಿತು. 2012ರಲ್ಲಿ ಕ್ಲೋ ತಂಡ ಹಬಲ್ ಚಿತ್ರಗಳನ್ನಿಟ್ಟುಕೊಂಡು ಅಂಥದ್ದೇನೂ ಕಾಣಲ್ಲ ಅಂತು. ಆ ಜಗಳ ಮುಂದಿನ ಕಂತಿಗೆ.