ಪಂಚಾಯಿತಿ ಕಟ್ಟಡಗಳಿಗೆ ಸಿ.ಸಿ. ಕ್ಯಾಮೆರಾ: ಅಳವಡಿಕೆ ಹಾಗೂ ತಂತಿ ಜೋಡಣೆಯಲ್ಲಿ ಸದಸ್ಯರು ಗಮನಿಸಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಸಿ.ಸಿ. ಕ್ಯಾಮೆರಾದ ವಿಷಯ ಬಂದಾಗ ಚರ್ಚೆ ಬಹುಮಟ್ಟಿಗೆ ಎರಡು ಪ್ರಶ್ನೆಗಳಲ್ಲಿ ಮುಗಿಯುತ್ತದೆ: ಎಷ್ಟು ಕ್ಯಾಮೆರಾ, ಎಷ್ಟು ಹಣ. ಕಚೇರಿಗೆ ನಾಲ್ಕು, ಅರಿವು ಕೇಂದ್ರಕ್ಕೆ ಎರಡು, ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಒಂದು ಎಂದು ಠರಾವಾಗುತ್ತದೆ, ದರಪಟ್ಟಿ ಬರುತ್ತದೆ, ಬಿಲ್ಲು ಪಾವತಿಯಾಗುತ್ತದೆ. ಮುಂದೊಂದು ದಿನ ಕೊಳವೆಬಾವಿಯ ಕೇಬಲ್ಲೋ ಅರಿವು ಕೇಂದ್ರದ ಗಣಕಯಂತ್ರವೋ ಕಳುವಾಗಿ ಪೊಲೀಸರು ದೃಶ್ಯಾವಳಿ ಕೇಳಿದಾಗ ನಿಜಸ್ಥಿತಿ ಹೊರಬೀಳುತ್ತದೆ. ಹಗಲಿನ ಚಿತ್ರವಿದೆ, ರಾತ್ರಿಯದಿಲ್ಲ. ಅಥವಾ ರಾತ್ರಿಯದೂ ಇದೆ, ಆದರೆ ಅದರ ಮೇಲಿನ ದಿನಾಂಕ ಎರಡು ವರ್ಷ ಹಿಂದಿನದು. ಅಥವಾ ವಿದ್ಯುತ್ ಕಡಿತಗೊಂಡಿದ್ದ ಆ ಎರಡು ಗಂಟೆಗಳೇ ಇಲ್ಲ.

ಈ ಮೂರೂ ದೋಷಗಳಿಗೆ ಕ್ಯಾಮೆರಾ ಕಾರಣವಲ್ಲ. ಅದಕ್ಕೆ ಎಳೆದ ತಂತಿ, ಆ ತಂತಿಯಲ್ಲಿ ಹರಿಯುವ ವಿದ್ಯುತ್ತು ಮತ್ತು ಮುದ್ರಣ ಯಂತ್ರವನ್ನು ನೋಡಿಕೊಳ್ಳುವ ವ್ಯವಸ್ಥೆ ಕಾರಣ. ಅಂದಾಜು ಪಟ್ಟಿಯಲ್ಲಿ ಕ್ಯಾಮೆರಾದ ಹೆಸರು, ಮೆಗಾಪಿಕ್ಸೆಲ್, ಬಣ್ಣ ಎಲ್ಲವೂ ವಿವರವಾಗಿ ಇರುತ್ತವೆ. ಉಳಿದುದೆಲ್ಲ 'ವೈರಿಂಗ್ ಮತ್ತು ಇತರೆ' ಎಂಬ ಒಂದೇ ಸಾಲಿನಲ್ಲಿ ಅಡಗಿರುತ್ತದೆ. ಆ ಸಾಲನ್ನು ಬಿಡಿಸಿ ತೋರಿಸುವುದು ಈ ಲೇಖನದ ಉದ್ದೇಶ. ಸದಸ್ಯರು ತಂತ್ರಜ್ಞರಾಗಬೇಕಾಗಿಲ್ಲ. ಠರಾವಿಗೆ ಮೊದಲು ಏನು ಕೇಳಬೇಕು, ಬಿಲ್ಲಿಗೆ ಮೊದಲು ಏನನ್ನು ಕಣ್ಣಾರೆ ನೋಡಬೇಕು ಎಂಬುದು ತಿಳಿದಿದ್ದರೆ ಸಾಕು. ಸ್ವಂತ ಮನೆಗೆ ಕ್ಯಾಮೆರಾ ಹಾಕಿಸುವವರಿಗೂ ಇಲ್ಲಿನ ಬಹುಪಾಲು ಮಾತುಗಳು ಅನ್ವಯಿಸುತ್ತವೆ.

ಮೊದಲು ಜಾಗ, ಅನಂತರ ಕ್ಯಾಮೆರಾ

'ಯಾರೋ ಬಂದಿದ್ದಾರೆ' ಎಂದು ತಿಳಿಯುವುದು ಒಂದು. 'ಬಂದವರು ಇಂಥವರು' ಎಂದು ಗುರುತಿಸುವುದು ಇನ್ನೊಂದು. ಐ.ಇ.ಸಿ. 62676-4 ಎಂಬ ಅಂತಾರಾಷ್ಟ್ರೀಯ ಮಾನದಂಡದಂತೆ ಅಪರಿಚಿತರ ಮುಖವನ್ನು ಖಚಿತವಾಗಿ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ಅದು ನೋಡುವ ದೃಶ್ಯದ ಅಗಲ ಏಳೂವರೆ ಮೀಟರ್ ದಾಟಿದರೆ ಮುಖದ ಗುರುತು ಕೈತಪ್ಪುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 2.8 ಮಿ.ಮೀ. ಮಸೂರ ಸುಮಾರು 100 ಡಿಗ್ರಿಯಷ್ಟು ಅಗಲವನ್ನು ನೋಡುವುದರಿಂದ, ಅದರಲ್ಲಿ ಮುಖ ಸ್ಪಷ್ಟವಾಗುವುದು ಮೂರು ಮೀಟರ್ ದೂರದವರೆಗೆ ಮಾತ್ರ. 6 ಮಿ.ಮೀ. ಮಸೂರ ಅದರ ಅರ್ಧದಷ್ಟು ಕೋನವನ್ನು ನೋಡುತ್ತದೆ. ಸುಮಾರು ಎಂಟು ಮೀಟರ್‌ವರೆಗೆ ಗುರುತು ಸಿಗುತ್ತದೆ. ಆದಕಾರಣ ಅಂಗಳಕ್ಕೆ ಅಗಲ ಮಸೂರ, ಬಾಗಿಲಿಗೆ ಕಿರಿದಾದ ಮಸೂರ ಎಂಬ ವಿಂಗಡಣೆ ಅಂದಾಜು ಪಟ್ಟಿಯಲ್ಲಿಯೇ ಇರತಕ್ಕದ್ದು.

ಎತ್ತರವೂ ಮುಖ್ಯ. ಕೈಗೆ ಸಿಗಬಾರದೆಂದು ಹದಿನೈದು ಅಡಿ ಮೇಲೆ ಸಜ್ಜದ ಕೆಳಗೆ ಕೂರಿಸಿದ ಕ್ಯಾಮೆರಾಕ್ಕೆ ತಲೆಯ ಮೇಲಿನ ಟವೆಲ್ಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಎಂಟರಿಂದ ಹತ್ತು ಅಡಿ ಸಾಕು. ಪೂರ್ವಾಭಿಮುಖ ಬಾಗಿಲನ್ನು ಒಳಗಿನಿಂದ ನೋಡುವ ಕ್ಯಾಮೆರಾದಲ್ಲಿ ಬೆಳಗಿನ ಹೊತ್ತು ಬರುವವರೆಲ್ಲ ಕಪ್ಪು ನೆರಳುಗಳಾಗುತ್ತಾರೆ. ಇದನ್ನು ಕಾಗದದ ಮೇಲೆ ತಿಳಿಯಲಾಗದು. ಗುತ್ತಿಗೆದಾರರೊಡನೆ ಒಮ್ಮೆ ಹಗಲು, ಒಮ್ಮೆ ಕತ್ತಲಾದ ಮೇಲೆ ಕಟ್ಟಡವನ್ನು ಸುತ್ತಿ ಬರುವುದೊಂದೇ ದಾರಿ.

ಎರಡು ಬಗೆಯ ವ್ಯವಸ್ಥೆ

ಮೊದಲನೆಯದು ಡಿ.ವಿ.ಆರ್. ವ್ಯವಸ್ಥೆ. ಇದರಲ್ಲಿ ಚಿತ್ರ ಏಕಾಕ್ಷ ಕೇಬಲ್‌ನಲ್ಲಿ ಬರುತ್ತದೆ, 12 ವೋಲ್ಟ್ ವಿದ್ಯುತ್ತು ಪ್ರತ್ಯೇಕ ತಂತಿಯಲ್ಲಿ ಹೋಗುತ್ತದೆ. ಎರಡನ್ನೂ ಒಂದೇ ಹೊದಿಕೆಯಲ್ಲಿಟ್ಟ '3+1' ಕೇಬಲ್ ನಮ್ಮಲ್ಲಿ ಬಳಕೆಯಲ್ಲಿದೆ. ಎರಡನೆಯದು ಎನ್.ವಿ.ಆರ್. ವ್ಯವಸ್ಥೆ. ಇದರಲ್ಲಿ ಗಣಕಯಂತ್ರಗಳಿಗೆ ಬಳಸುವ ಕ್ಯಾಟ್-6 ಕೇಬಲ್ಲೊಂದೇ ಚಿತ್ರವನ್ನೂ ವಿದ್ಯುತ್ತನ್ನೂ ಸಾಗಿಸುತ್ತದೆ. ಈ ವಿಧಾನಕ್ಕೆ ಪಿ.ಓ.ಇ. ಎಂದು ಹೆಸರು, 2003ರಲ್ಲಿ ಇದರ ಮೊದಲ ಮಾನದಂಡ ಬಂತು. ಸ್ವಿಚ್ಚಿನಿಂದ ಕ್ಯಾಮೆರಾಕ್ಕೆ 100 ಮೀಟರ್ ಇದರ ಮಿತಿ. ಮೊದಲನೆಯದು ಅಗ್ಗ. ಚಿಕ್ಕ ಮನೆಗೆ ಅದು ಸಾಕು. ಪಂಚಾಯಿತಿ ಆವರಣದಂತಹ ಹರಡಿಕೊಂಡ ಜಾಗಕ್ಕೆ ಎರಡನೆಯದೇ ಲೇಸು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಚಿತ್ರದ ಅಂದವಲ್ಲ, ವೋಲ್ಟೇಜು.

ರಾತ್ರಿ ಚಿತ್ರ ಮಾಯವಾಗುವ ಬಗೆ

ತಂತಿ ಉದ್ದವಾದಷ್ಟೂ, ಸಪುರವಾದಷ್ಟೂ ಅದರ ರೋಧ ಹೆಚ್ಚು. ಕಚೇರಿಯೊಳಗಿನ ಪವರ್ ಸಪ್ಲೈಯಿಂದ 80 ಮೀಟರ್ ದೂರದ ಗೇಟಿಗೆ 0.5 ಚದರ ಮಿ.ಮೀ. ತಾಮ್ರದ ತಂತಿ ಎಳೆದಿದ್ದೇವೆ ಎಂದುಕೊಳ್ಳೋಣ. ಹೋಗಿಬರುವ ದಾರಿ 160 ಮೀಟರ್; ರೋಧ ಸುಮಾರು 5.5 ಓಮ್. ಹಗಲಿನಲ್ಲಿ ಕ್ಯಾಮೆರಾ 0.2 ಆಂಪಿಯರ್ ಎಳೆದರೆ ದಾರಿಯಲ್ಲಿ 1.1 ವೋಲ್ಟ್ ಕಳೆದು, ಸುಮಾರು 10.9 ವೋಲ್ಟ್ ತಲುಪುತ್ತದೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಕತ್ತಲಾದೊಡನೆ ಕ್ಯಾಮೆರಾದ ಅವಗೆಂಪು ದೀಪಗಳು ಹೊತ್ತಿಕೊಂಡು ಎಳೆತ 0.5 ಆಂಪಿಯರ್‌ಗೆ ಏರುತ್ತದೆ. ಆಗ 2.75 ವೋಲ್ಟ್ ಕಳೆದು, ತಲುಪುವುದು 9.25 ವೋಲ್ಟ್ ಮಾತ್ರ. ಅಷ್ಟರಲ್ಲಿ ಕೆಲಸ ಮಾಡಲಾರದ ಕ್ಯಾಮೆರಾ ಆರಿಹೋಗುತ್ತದೆ. ಆರಿದೊಡನೆ ಎಳೆತ ಇಳಿದು ವೋಲ್ಟೇಜು ಏರಿ ಮತ್ತೆ ಹೊತ್ತುತ್ತದೆ. ದೀಪ ಹೊತ್ತಿದೊಡನೆ ಮತ್ತೆ ಆರುತ್ತದೆ. ಹೀಗೆಯೇ ಬೆಳಗಿನವರೆಗೆ. ಬೆಳಿಗ್ಗೆ ಬಂದು ನೋಡುವ ಸಿಬ್ಬಂದಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇದು ಶುದ್ಧ ತಾಮ್ರದ ಲೆಕ್ಕ. ಮಾರುಕಟ್ಟೆಯ ಅಗ್ಗದ ಕೇಬಲ್‌ಗಳಲ್ಲಿ ಒಳಗೆ ಅಲ್ಯೂಮಿನಿಯಂ ಇಟ್ಟು ಮೇಲೆ ತಾಮ್ರದ ತೆಳು ಲೇಪ ಕೊಟ್ಟಿರುತ್ತಾರೆ. ವ್ಯಾಪಾರಿಗಳು ಅದನ್ನು ಸಿ.ಸಿ.ಎ. ಎನ್ನುತ್ತಾರೆ. ಅದರ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಮೇಲಿನ ಲೆಕ್ಕವನ್ನೇ ಅದಕ್ಕೆ ಹಾಕಿದರೆ ರಾತ್ರಿ ಗೇಟಿಗೆ ತಲುಪುವುದು 8 ವೋಲ್ಟಿಗಿಂತ ಕಡಿಮೆ. ಪರೀಕ್ಷೆ ಸುಲಭ: ತುಂಡು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರವಲ್ಲ. ನಾಲ್ಕಾರು ಬಾರಿ ಬಗ್ಗಿಸಿದರೆ ಮುರಿಯುವುದೂ ಅದರ ಲಕ್ಷಣ. ದರಪಟ್ಟಿಯಲ್ಲಿ 'ಕೇಬಲ್' ಎಂದಷ್ಟೇ ಇದ್ದರೆ ಒಪ್ಪಬಾರದು. 'ಶುದ್ಧ ತಾಮ್ರ' ಎಂಬ ಪದ ಮತ್ತು ತಂತಿಯ ದಪ್ಪ ನಮೂದಾಗಿರಲಿ.

ಪಿ.ಓ.ಇ.ಯಲ್ಲಿ ವಿದ್ಯುತ್ತು ಸುಮಾರು 48 ವೋಲ್ಟ್‌ನಲ್ಲಿ ಹೋಗುತ್ತದೆ. 6 ವ್ಯಾಟಿನ ಕ್ಯಾಮೆರಾಕ್ಕೆ 12 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್ ಬೇಕಾದರೆ 48 ವೋಲ್ಟ್‌ನಲ್ಲಿ ಅದರ ಕಾಲುಭಾಗ ಸಾಕು. ದಾರಿಯ ನಷ್ಟ ಅಷ್ಟರಮಟ್ಟಿಗೆ ತಗ್ಗುತ್ತದೆ. ಈಗಾಗಲೇ ಡಿ.ವಿ.ಆರ್. ಹಾಕಿಸಿರುವ ಪಂಚಾಯಿತಿಗಳು ಎಲ್ಲವನ್ನೂ ಕಿತ್ತುಹಾಕಬೇಕಾಗಿಲ್ಲ. ದೂರದ ಕ್ಯಾಮೆರಾಕ್ಕೆ ಮಾತ್ರ ಅದರ ಸಮೀಪದಲ್ಲಿಯೇ, ಮಳೆ ತಾಗದ ಪೆಟ್ಟಿಗೆಯಲ್ಲಿ ಪ್ರತ್ಯೇಕ ಪವರ್ ಸಪ್ಲೈ ಕೊಟ್ಟರೆ ಸಾಕಾಗುತ್ತದೆ.

ಪೈಪು, ಬೆಸುಗೆ, ಸಿಡಿಲು

ಕ್ಯಾಮೆರಾ ಕೇಬಲ್ಲನ್ನು 230 ವೋಲ್ಟಿನ ತಂತಿಯೊಡನೆ ಒಂದೇ ಪೈಪಿನಲ್ಲಿ ತೂರಿಸುವುದು ಸಾಮಾನ್ಯವಾಗಿಬಿಟ್ಟಿದೆ. ಇದರಿಂದ ಚಿತ್ರದಲ್ಲಿ ಅಲೆಗಳು ಏಳುತ್ತವೆ. ಹೊದಿಕೆ ಹರಿದರೆ ಜೀವಾಪಾಯವೂ ಉಂಟು. ಪ್ರತ್ಯೇಕ ಪೈಪು, ನಡುವೆ ಒಂದು ಅಡಿ ಅಂತರ, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟುವುದು ಸರಿಯಾದ ಕ್ರಮ. ಹೊರಗಿನ ಕೇಬಲ್ ಕ್ಯಾಮೆರಾ ಸೇರುವ ಮುನ್ನ ಸ್ವಲ್ಪ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬೇಕು. ಇಲ್ಲವಾದರೆ ಮಳೆನೀರು ತಂತಿಯಗುಂಟ ನೇರವಾಗಿ ಕ್ಯಾಮೆರಾದೊಳಕ್ಕೆ ಇಳಿಯುತ್ತದೆ. ಜೋಡಣೆಗಳನ್ನು ಟೇಪು ಸುತ್ತಿ ಗೋಡೆಯ ಮೇಲೆ ಬಿಡದೆ ಜಂಕ್ಷನ್ ಬಾಕ್ಸ್‌ನೊಳಗೆ ಇಡಿಸಬೇಕು. ಹೊರಗಿನ ಕ್ಯಾಮೆರಾಗಳಿಗೆ ಐ.ಪಿ. 66 ಅಥವಾ 67 ಎಂಬ ಧೂಳು-ನೀರು ನಿರೋಧಕ ಗುರುತು ಇರಲಿ.

ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ಹೆಚ್ಚು ಹಾನಿಯಾಗುವುದು ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದ ಕಡೆ. ಸಿಡಿಲು ಕ್ಯಾಮೆರಾಕ್ಕೇ ಹೊಡೆಯಬೇಕೆಂದಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಎರಡು ಕಟ್ಟಡಗಳ ನೆಲದ ವಿಭವದಲ್ಲಿ ವ್ಯತ್ಯಾಸವುಂಟಾಗಿ ವಿದ್ಯುತ್ತು ಕೇಬಲ್ ಮೂಲಕ ನುಗ್ಗುತ್ತದೆ, ಮುದ್ರಣ ಯಂತ್ರವನ್ನೂ ಕೆಲವೊಮ್ಮೆ ಅದಕ್ಕೆ ಜೋಡಿಸಿದ ಗಣಕಯಂತ್ರವನ್ನೂ ಸುಡುತ್ತದೆ. ಕಚೇರಿಯಿಂದ ಅರಿವು ಕೇಂದ್ರಕ್ಕೆ ಸಂಪರ್ಕ ಬೇಕಾದಲ್ಲಿ ಆಪ್ಟಿಕಲ್ ಫೈಬರ್ ಎಳೆಸುವುದು ಉತ್ತಮ. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯದು. ಭಾರತ್‌ನೆಟ್‌ನಿಂದಾಗಿ ಫೈಬರ್ ನಮ್ಮ ಕಚೇರಿಗಳಿಗೆ ಹೊಸದೇನೂ ಅಲ್ಲ.

ಅರ್ಥಿಂಗ್ ವಿಷಯ ಇನ್ನೂ ಸರಳ, ಇನ್ನೂ ನಿರ್ಲಕ್ಷಿತ. ಮೂರು ಪಿನ್ನಿನ ಪ್ಲಗ್ಗು ಇದೆ, ಗೋಡೆಯಲ್ಲಿ ಮೂರು ತೂತಿನ ಸಾಕೆಟ್ಟೂ ಇದೆ. ಆದರೆ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದ ಹಳೆಯ ಕಟ್ಟಡಗಳು ಅನೇಕ. ಅಂತಹಲ್ಲಿ ಸರ್ಜ್ ರಕ್ಷಕ ಸಾಧನ ಕೊಂಡರೂ ವ್ಯರ್ಥ, ಏಕೆಂದರೆ ಅದು ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕೆ ಕಳುಹಿಸುವ ಸಾಧನ; ನೆಲಕ್ಕೆ ದಾರಿಯೇ ಇಲ್ಲದಿದ್ದರೆ ಎಲ್ಲಿಗೆ ಕಳುಹಿಸೀತು? ಅರ್ಥಿಂಗ್ ಕುರಿತ ಭಾರತೀಯ ಮಾನದಂಡ ಐ.ಎಸ್. 3043. ಅದರಂತೆ ಗುಂಡಿ ಮಾಡಿಸಿ, ಮೀಟರ್‌ನಿಂದ ಅಳೆದ ಓಮ್ ಮೌಲ್ಯವನ್ನು ಅಳತೆ ಪುಸ್ತಕದಲ್ಲಿ ಬರೆಸಬೇಕು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿಸುವ ಕೆಲಸವನ್ನು ನೀರಗಂಟಿಗೆ ಒಪ್ಪಿಸಬಹುದು.

ವಿದ್ಯುತ್ ಕಡಿತ ಮತ್ತು ಹಾರ್ಡ್ ಡಿಸ್ಕ್

ಕಳ್ಳತನಕ್ಕೆ ಕತ್ತಲೆ ಅನುಕೂಲ. ಕ್ಯಾಮೆರಾ ಎಚ್ಚರವಿರಬೇಕಾದುದೂ ಆಗಲೇ. ನಾಲ್ಕು ಕ್ಯಾಮೆರಾ, ಮುದ್ರಣ ಯಂತ್ರ, ಸ್ವಿಚ್ಚು ಸೇರಿ ಸುಮಾರು 60 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿ, ಇನ್ವರ್ಟರ್ ನಷ್ಟವನ್ನು ಕಳೆದರೂ ಸುಮಾರು 12 ಗಂಟೆ ನಡೆಯುತ್ತದೆ. ಆದರೆ ಅದೇ ಬ್ಯಾಟರಿಗೆ ಕಚೇರಿಯ ಫ್ಯಾನು, ಮುದ್ರಕಗಳನ್ನೂ ಜೋಡಿಸಿದರೆ ಈ ಲೆಕ್ಕ ನಿಲ್ಲದು. ಕ್ಯಾಮೆರಾ ವ್ಯವಸ್ಥೆಗೆ ಪ್ರತ್ಯೇಕ ಬ್ಯಾಟರಿಯೇ ಇರಲಿ.

ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದಾಖಲಿಸಿದರೆ ದಿನಕ್ಕೆ 21.6 ಜಿ.ಬಿ. ಆಗುತ್ತದೆ, ನಾಲ್ಕಕ್ಕೆ 86.4 ಜಿ.ಬಿ. 1 ಟಿ.ಬಿ. ಡಿಸ್ಕ್ ಹನ್ನೊಂದು ದಿನಗಳಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ಹೆಚ್ಚು ಜನ ಸೇರುವ ಸಂಸ್ಥೆಗಳು 30 ದಿನಗಳ ದೃಶ್ಯಾವಳಿ ಉಳಿಸಬೇಕೆಂದು ಸಾರ್ವಜನಿಕ ಸುರಕ್ಷತೆಯ ಕುರಿತ ರಾಜ್ಯದ 2017ರ ಅಧಿನಿಯಮ ಹೇಳುತ್ತದೆ. ನಮ್ಮ ಕಚೇರಿಗಳಿಗೂ ಅದೇ ಅಳತೆ ಇಟ್ಟುಕೊಳ್ಳುವುದಾದರೆ 3 ಟಿ.ಬಿ.ಗೆ ಕಡಿಮೆಯಿಲ್ಲದ ಡಿಸ್ಕ್ ಬೇಕು.

ಗಡಿಯಾರ, ಗುಪ್ತಪದ, ಪ್ರಮಾಣಪತ್ರ

ದೃಶ್ಯಾವಳಿಯ ಮೇಲಿನ ಸಮಯ ತಪ್ಪಿದ್ದರೆ ನ್ಯಾಯಾಲಯದಲ್ಲಿ ಎದುರು ವಕೀಲರಿಗೆ ಅಷ್ಟೇ ಸಾಕು. ಅಂತರ್ಜಾಲ ಸಂಪರ್ಕವಿರುವಲ್ಲಿ ಗಡಿಯಾರ ತಾನಾಗಿಯೇ ಸರಿಹೊಂದುವಂತೆ ಮಾಡಿಸಬೇಕು. ಇಲ್ಲದಲ್ಲಿ ತಿಂಗಳಿಗೊಮ್ಮೆ ನೋಡಿ ವಹಿಯಲ್ಲಿ ಬರೆದಿಡಬೇಕು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಅಂದೇ ಬದಲಾಯಿಸತಕ್ಕದ್ದು. 2016ರಲ್ಲಿ 'ಮಿರಾಯ್' ಎಂಬ ದುರುದ್ದೇಶದ ತಂತ್ರಾಂಶವು ಗುಪ್ತಪದ ಬದಲಾಗದ ಕ್ಯಾಮೆರಾ ಹಾಗೂ ಡಿ.ವಿ.ಆರ್.ಗಳನ್ನೇ ಭಾರಿ ಸಂಖ್ಯೆಯಲ್ಲಿ ವಶಪಡಿಸಿಕೊಂಡು ಅಂತರ್ಜಾಲದ ಮೇಲೆ ದಾಳಿ ನಡೆಸಿತ್ತು. ಸಿ.ಸಿ. ಕ್ಯಾಮೆರಾಗಳ ಸುರಕ್ಷತಾ ಪರೀಕ್ಷೆ ಮತ್ತು ನೋಂದಣಿಯನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿದೆ; ಖರೀದಿಸುವಾಗ ಮಾದರಿಯ ನೋಂದಣಿ ವಿವರವನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರ ಒದಗಿಸಬೇಕಾಗುತ್ತದೆ. ಅದರ ನಮೂನೆಯಲ್ಲಿ ಯಂತ್ರದ ತಯಾರಿಕೆ, ಮಾದರಿ, ಕ್ರಮಸಂಖ್ಯೆ ಮತ್ತು ಕಡತದ ಹ್ಯಾಶ್ ಮೌಲ್ಯವನ್ನು ಕೇಳಲಾಗಿದೆ. ಆದುದರಿಂದ ದಾಸ್ತಾನು ವಹಿಯಲ್ಲಿ 'ಡಿ.ವಿ.ಆರ್. - 1' ಎಂದು ಬರೆದು ಬಿಡದೆ ಕ್ರಮಸಂಖ್ಯೆಯನ್ನೂ ದಾಖಲಿಸಬೇಕು. ಘಟನೆ ನಡೆದ ದಿನವೇ ಪ್ರತಿ ತೆಗೆದಿಡಬೇಕು.

ನೋಡಬಾರದ ಜಾಗಗಳು

ಶೌಚಾಲಯದ ಬಾಗಿಲು, ಕೂಸಿನ ಮನೆಯಲ್ಲಿ ತಾಯಂದಿರು ಹಾಲುಣಿಸುವ ಮೂಲೆ, ಪಕ್ಕದ ಮನೆಯ ಅಂಗಳ ಮತ್ತು ಕಿಟಕಿ ಇವು ಯಾವ ಕ್ಯಾಮೆರಾದ ದೃಷ್ಟಿಗೂ ಬೀಳಕೂಡದು. ಮಹಿಳೆಯ ಖಾಸಗಿ ಕ್ಷಣವನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಪ್ರಕರಣದಡಿ ಅಪರಾಧ. ಧ್ವನಿ ಮುದ್ರಣವನ್ನು ನಿಲ್ಲಿಸಿಡುವುದು ಒಳ್ಳೆಯದೆಂದು ನನ್ನ ಭಾವನೆ. ಮನೆಯ ಕಷ್ಟ ಹೇಳಿಕೊಳ್ಳಲು ಕಚೇರಿಗೆ ಬರುವ ಹೆಣ್ಣುಮಗಳ ಮಾತು ಪೆಟ್ಟಿಗೆಯಲ್ಲಿ ಉಳಿಯಬೇಕಾದ ಅಗತ್ಯವೇನು? ನೇರ ದೃಶ್ಯವನ್ನು ಹತ್ತು ಜನರ ಮೊಬೈಲಿನಲ್ಲಿ ತೆರೆದಿಡುವ ಪರಿಪಾಠವೂ ಸಲ್ಲದು. ಯಾರು ನೋಡಬಹುದು, ಯಾರ ಅನುಮತಿಯಿಂದ ಪ್ರತಿ ಕೊಡಬಹುದು ಎಂಬುದನ್ನು ಅಳವಡಿಕೆಯ ಠರಾವಿನಲ್ಲಿಯೇ ಬರೆದು, 'ಇಲ್ಲಿ ಕ್ಯಾಮೆರಾ ಇದೆ' ಎಂಬ ಫಲಕವನ್ನು ಕನ್ನಡದಲ್ಲಿ ಹಾಕಿಸಬೇಕು.

ಬಿಲ್ಲು ಸಭೆಯ ಮುಂದೆ ಬಂದ ದಿನ

ಸರಬರಾಜುದಾರರು ಸಾಮಾನ್ಯವಾಗಿ ಹಗಲಿನ ನೇರ ದೃಶ್ಯವನ್ನು ದೊಡ್ಡ ಪರದೆಯಲ್ಲಿ ತೋರಿಸುತ್ತಾರೆ. ಅದನ್ನು ನೋಡಿ ತೃಪ್ತರಾಗಬೇಡಿ. ಹಿಂದಿನ ರಾತ್ರಿ ಎರಡು ಗಂಟೆಯ ದೃಶ್ಯವನ್ನು, ಅತ್ಯಂತ ದೂರದ ಕ್ಯಾಮೆರಾದಿಂದ, ತೆಗೆಸಿ ನೋಡಿ. ಪರದೆಯ ಗಡಿಯಾರವನ್ನು ನಿಮ್ಮ ಕೈಗಡಿಯಾರದೊಡನೆ ತಾಳೆ ಮಾಡಿ. ಮುಖ್ಯ ಸ್ವಿಚ್ಚನ್ನು ಆರಿಸಿ, ಹತ್ತು ನಿಮಿಷ ಕಾದು, ಆ ಹತ್ತು ನಿಮಿಷಗಳು ದಾಖಲಾಗಿವೆಯೇ ಎಂದು ಪರೀಕ್ಷಿಸಿ. ಉಳಿದ ತುಂಡು ಕೇಬಲ್ಲನ್ನು ಕೇಳಿ ಪಡೆದು ಕೆರೆದು ನೋಡಿ. ತಂತಿಗಳ ಹಾದಿಯ ನಕ್ಷೆ, ಗುಪ್ತಪದವಿರುವ ಮೊಹರು ಮಾಡಿದ ಲಕೋಟೆ ಮತ್ತು ಖಾತರಿ ಪತ್ರಗಳು ಕಚೇರಿಗೆ ಸೇರಿದ ಮೇಲೆ ಪಾವತಿಗೆ ಒಪ್ಪಿಗೆ ನೀಡಬಹುದು. ವಾರ್ಷಿಕ ನಿರ್ವಹಣೆಯ ಮೊತ್ತವನ್ನು ಮುಂದಿನ ಆಯವ್ಯಯದಲ್ಲಿ ಪ್ರತ್ಯೇಕವಾಗಿ ಕಾದಿರಿಸಬೇಕು. ಅವಗೆಂಪು ದೀಪದ ಬಿಸುಪಿಗೆ ಮಸೂರದ ಮೇಲೆ ಬಲೆ ಕಟ್ಟುವ ಜೇಡವನ್ನು ತಿಂಗಳಿಗೊಮ್ಮೆ ಬಟ್ಟೆಯಿಂದ ಒರೆಸುವ ಕೆಲಸಕ್ಕೆ ಮಾತ್ರ ಹಣ ಬೇಕಾಗಿಲ್ಲ, ಒಬ್ಬರ ಹೆಸರು ಬೇಕು.