ಕಚ್ರಾನ ಕೈ

2001ರಲ್ಲಿ ‘ಲಗಾನ್’ ಬಂದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಅಸ್ಪೃಶ್ಯ ಕಚ್ರಾನನ್ನು ಕ್ರಿಕೆಟ್ ತಂಡಕ್ಕೆ ಸೇರಿಸಲು ಊರವರು ಒಪ್ಪೋದಿಲ್ಲ. ನಾಯಕ ಭುವನ್ ಅವನ ಪರ ವಾದಿಸಿ ಒಪ್ಪಿಸುತ್ತಾನೆ. ಜಾತಿ ಕಳೀತಲ್ಲ ಅಂತ ಕಣ್ಣೊರೆಸಿಕೊಂಡೆವು. ಈಗ ಮತ್ತೆ ನೋಡಿದರೆ ಕಸಿವಿಸಿಯಾಗುತ್ತದೆ. ಆ ಮನುಷ್ಯನ ಹೆಸರೇ ಕಸ. ಚೆಂಡು ತಿರುಗೋದು ಅವನ ಕೈಯ ಊನದಿಂದ, ಕಲಿತ ವಿದ್ಯೆಯಿಂದಲ್ಲ. ತನ್ನ ಪರವಾಗಿ ಅವನು ಒಂದು ಮಾತೂ ಆಡೋದಿಲ್ಲ.

ಕಥೆಯ ಕಾಲ 1893. ಹೆಚ್ಚೂಕಮ್ಮಿ ಆಗಲೇ, ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಜಾತಿಯ ಪಾಲ್ವಂಕರ್ ಬಾಳೂ ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನದ ಕೆಲಸಕ್ಕಿದ್ದರು. ದೊರೆಗಳಿಗೆ ನೆಟ್‌ನಲ್ಲಿ ಗಂಟೆಗಟ್ಟಲೆ ಚೆಂಡೆಸೆದು ಸ್ಪಿನ್‌ನಲ್ಲಿ ಪಳಗಿದರು. ಪುಣೆಯ ಹಿಂದೂ ತಂಡಕ್ಕೆ ಅವರು ಕೀಳುವ ವಿಕೆಟ್ ಬೇಕು. ಚಹಾ ಮಾತ್ರ ಹೊರಗೆ, ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರೂ ಮುಂಬೈ ಪಂದ್ಯಾವಳಿಯ ಹಿಂದೂ ತಂಡ ಅವರನ್ನು ನಾಯಕನಾಗಿ ಆರಿಸಲಿಲ್ಲ. 1920ರಲ್ಲಿ ಅವರನ್ನು ಕೈಬಿಟ್ಟಾಗ ತಮ್ಮಂದಿರಾದ ವಿಠ್ಠಲ್, ಶಿವರಾಮ್ ಬಹಿರಂಗ ಹೇಳಿಕೆ ಕೊಟ್ಟು ಹೊರನಡೆದರು. 1923ರಲ್ಲಿ ವಿಠ್ಠಲ್ ನಾಯಕರಾದರು.

ಇವರು ತಮ್ಮ ಮಾತನ್ನು ತಾವೇ ಆಡಿದರು. ಸಿನಿಮಾಕ್ಕೆ ಬೇಕಾಗಿದ್ದು ಕನಿಕರಕ್ಕೆ ಒದಗುವ ದಲಿತ. ವಿದ್ಯೆ ಕಲಿತು ಜಗಳಕ್ಕೆ ನಿಂತವನಲ್ಲ. ಚಪ್ಪಾಳೆಗೆ ಮುಂಚೆ ನಮ್ಮ ವಿಮರ್ಶೆ ಕೇಳಬೇಕಾದ್ದು ಇಷ್ಟು: ಇಲ್ಲಿ ಮಾತಾಡ್ತಿರೋರು ಯಾರು?