ನಿಮಗಿದು ಗೊತ್ತೇ? ಅಘನಾಶಿನಿ ಸೀಮೆಯ ಸದ್ದುಗಳ ಸೋಜಿಗ!

ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವರೇ? ಅಥವಾ ಗೋಕರ್ಣ, ಮುರ್ಡೇಶ್ವರ ನೋಡಲು ಹೊರಟವರೇ? ಹಾಗಾದರೆ ಇಯರ್‌ಫೋನ್ ಕಿತ್ತು ಕಿಸೆಗೆ ಹಾಕಿ. ದಿನಾ ಕಿವಿಗೆ ಬಿದ್ದೂ ನಾವು ಗಮನ ಕೊಡದ ಸದ್ದುಗಳಲ್ಲಿ ಏನೇನು ಅಡಗಿದೆ, ಒಂದೊಂದಾಗಿ ಕೇಳೋಣ!

ಕಡಲ ಬದಿ

ದಡಕ್ಕೆ ಅಪ್ಪಳಿಸುವ ಅಲೆ ‘ಹೋ’ ಎಂದು ಮೊರೆಯುತ್ತದಲ್ಲ, ಅದು ನೀರು ನೀರಿಗೆ ಬಡಿದ ಸದ್ದು ಅಂದುಕೊಂಡಿರಾ? ಅಲ್ಲವೇ ಅಲ್ಲ! ಅಲೆ ಮುರಿಯುವಾಗ ಒಳಗೆ ಸಿಕ್ಕಿಕೊಂಡ ಲೆಕ್ಕವಿಲ್ಲದಷ್ಟು ಗಾಳಿಗುಳ್ಳೆಗಳು ನಡುಗುತ್ತವೆ. ಆ ಮೊರೆತದ ಬಹುಪಾಲು ಅವುಗಳದ್ದೇ!

ಹಗಲು ಕೇಳದ ಸಮುದ್ರ ರಾತ್ರಿ ಮನೆಯ ಹಿತ್ತಿಲಿಗೇ ಬಂದಂತೆ ಕೇಳುತ್ತದೆ, ಯಾಕೆ? ಊರು ಮಲಗಿರುವುದಷ್ಟೇ ಕಾರಣವಲ್ಲ. ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಆಗ ಮೇಲೆ ಹೋಗಬೇಕಿದ್ದ ಸದ್ದು ಬಾಗಿ ಮತ್ತೆ ಕೆಳಗಿಳಿಯುತ್ತದೆ!

ಹೊನ್ನಾವರದ ಕಾಸರಕೋಡು ದಂಡೆಯಲ್ಲಿ ಗಾಳಿಮರಗಳು ‘ಸುಯ್’ ಎನ್ನುವುದನ್ನು ಕೇಳಿದ್ದೀರಾ? ಸೂಜಿಯಂಥ ಎಳೆಗಳ ಹಿಂದೆ ಗಾಳಿ ಸುಳಿ ಸುತ್ತಿದಾಗ ಆ ಸ್ವರ ಹುಟ್ಟುತ್ತದೆ. ಇನ್ನೂ ಮಜಾ ಕೇಳಿ: ಆ ಹಸಿರು ಸೂಜಿಗಳು ಎಲೆಗಳೇ ಅಲ್ಲ, ಸಣ್ಣ ರೆಂಬೆಗಳು! ನಿಜವಾದ ಎಲೆ ಅದರ ಗಿಣ್ಣಿನಲ್ಲಿ ಕಂಡೂ ಕಾಣದ ಪುಟ್ಟ ಹುರುಪೆ.

ದಂಡೆಯಲ್ಲಿ ಸಿಕ್ಕ ಶಂಖವನ್ನು ಕಿವಿಗೆ ಹಿಡಿದರೆ ಕಡಲು ಕೇಳುತ್ತದೆ, ನಿಜ. ಆದರೆ ಅದು ಕಡಲಲ್ಲ! ನಿಮ್ಮ ಸುತ್ತಲಿನ ಸಣ್ಣಪುಟ್ಟ ಸದ್ದೇ ಶಂಖದೊಳಗೆ ತಿರುಗಿ ದೊಡ್ಡದಾಗಿ ಕೇಳುತ್ತದೆ. ನಂಬಿಕೆ ಬರಲಿಲ್ಲವೇ? ಖಾಲಿ ಲೋಟ ಹಿಡಿದು ನೋಡಿ. ಅದರಲ್ಲೂ ಕಡಲಿದೆ!

ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಮುಳುಗು ಹಾಕಲು ಹೋಗುತ್ತಾರಲ್ಲ, ಹವಳದ ಬಳಿ ಅವರಿಗೆ ‘ಕರಕರ’ ಸದ್ದು ಕೇಳಬಹುದು. ಗಿಳಿಮೀನು ತಿಂಡಿ ತಿನ್ನುವ ಸದ್ದದು! ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನೇ ಕೆರೆದು, ಅರೆದು ನುಂಗಿ, ಆಮೇಲೆ ಮರಳಾಗಿ ಹೊರಹಾಕುತ್ತದೆ!

ತದಡಿ, ಗೋಕರ್ಣದ ಕಡಲಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಏಳುತ್ತಾ ಮುಳುಗುತ್ತಾ ಹೋಗುವುದನ್ನು ಕಂಡಿರಬಹುದು. ಅವು ನಮ್ಮಂತೆ ಕಿವಿಯ ತೂತಿನಿಂದ ಕೇಳುವುದಿಲ್ಲ, ದವಡೆಯಿಂದ ಕೇಳುತ್ತವೆ! ಕೆಳದವಡೆಯ ಕೊಬ್ಬು ಸದ್ದನ್ನು ಹಿಡಿದು ಒಳಗಿವಿಗೆ ಮುಟ್ಟಿಸುತ್ತದೆ. ‘ಟಿಕ್ ಟಿಕ್’ ಎಂದು ತಾವೇ ಸದ್ದು ಬಿಟ್ಟು, ಮರಳಿ ಬಂದ ಪ್ರತಿಧ್ವನಿಯಿಂದ ಮೀನು ಎಲ್ಲಿದೆಯೆಂದು ತಿಳಿಯುತ್ತವೆ!

ಅಳಿವೆಯ ನೀರಿನೊಳಗೆ

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಕಡಲು ಸೇರುವ ತನಕ ಒಂದೂ ದೊಡ್ಡ ಅಣೆಕಟ್ಟೆಯಿಲ್ಲ! ಕುಮಟಾ ತಾಲೂಕಿನಲ್ಲಿರುವ ಇದರ ಅಳಿವೆ ಮಹತ್ವದ ಜೌಗು ಪ್ರದೇಶಗಳ ಜಾಗತಿಕ ಪಟ್ಟಿಯಾದ ರಾಮ್ಸಾರ್‌ಗೆ ಸೇರಿದ್ದನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ವಿಸ್ತಾರ 4,801 ಹೆಕ್ಟೇರ್. ಮೇಲಿನಿಂದ ನೋಡಿದರೆ ಎಷ್ಟು ಶಾಂತ! ನೀರಿನೊಳಗೆ ಕಿವಿಯಿಟ್ಟರೆ?

ಚಟಪಟ, ಚಟಪಟ! ಅಳಿವೆಗಳ ಕೆಸರಲ್ಲಿ, ಬಂಡೆಸಂದಿಯಲ್ಲಿ, ಸಿಂಪಿ ಹಾಸಿನಲ್ಲಿ ಚಿಟಿಕೆ ಸಿಗಡಿ ಇರುತ್ತದೆ. ಹೌದು, ಇದೂ ಶೆಟ್ಲಿಯೇ! ಬೆರಳುದ್ದದ ಜೀವ. ಒಂದು ಕೊಂಡಿ ಮಾತ್ರ ದೈತ್ಯ ಗಾತ್ರದ್ದು. ಅದನ್ನು ಫಕ್ಕನೆ ಮುಚ್ಚಿದರೆ ಎದುರಿನ ಬೇಟೆ ದಿಕ್ಕೆಟ್ಟು ಬೀಳುತ್ತದೆ!

ಆದರೆ ಆ ‘ಚಟ್’ ಕೊಂಡಿ ಬಡಿದ ಸದ್ದಲ್ಲ! 2000ದಲ್ಲಿ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದರು. ಕೊಂಡಿ ಮುಚ್ಚುವ ರಭಸಕ್ಕೆ ನೀರು ಚಿಮ್ಮಿ, ಒಂದು ಗುಳ್ಳೆ ಹುಟ್ಟಿ ಕುಸಿಯುತ್ತದೆ. ಸದ್ದು ಆ ಗುಳ್ಳೆಯದ್ದು! ಕುಸಿಯುವ ಕ್ಷಣ ಅದರೊಳಗಿನ ಬಿಸಿ 5,000 ಕೆಲ್ವಿನ್ ಮುಟ್ಟುತ್ತದೆಂದು ಮರುವರ್ಷ ತಿಳಿಯಿತು. ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕಿನ ಮಿಣುಕು ಬೇರೆ!

ಎರಡನೇ ಮಹಾಯುದ್ಧದಲ್ಲಿ ಶತ್ರುವಿನ ಸಬ್‌ಮರೀನ್ ಹುಡುಕಲು ಅಮೆರಿಕದ ನೌಕಾಪಡೆ ನೀರಿನೊಳಗೆ ಮೈಕ್ ಇಳಿಸಿತ್ತು. ಕೇಳಿದ್ದು ಏನು? ಈ ಸಿಗಡಿಗಳ ಗಲಾಟೆ! ಸಬ್‌ಮರೀನಿನ ಸದ್ದನ್ನೇ ಮುಚ್ಚಿಹಾಕುವಷ್ಟು!

ಮೀನು ಮೂಕಪ್ರಾಣಿ ಎನ್ನುವವರಿಗೆ ಇದನ್ನು ಹೇಳಿ: ಕ್ರೋಕರ್ ಜಾತಿಯ ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲವನ್ನೇ ಡೋಲಿನಂತೆ ಬಾರಿಸುತ್ತವೆ! ಅದಕ್ಕೆಂದೇ ಬೇರೆ ಸ್ನಾಯುಗಳಿವೆ. ಮಲೇಷ್ಯಾದಲ್ಲಂತೂ ತಲೆಯನ್ನು ನೀರಿಗೆ ಅದ್ದಿ, ಮೀನಿನ ಹಿಂಡು ಎಲ್ಲಿದೆ ಎಂದು ಸದ್ದಿನಿಂದಲೇ ಹೇಳುವ ಬೆಸ್ತರಿದ್ದರು!

ತುಂತುರು ಮಳೆ ನೀರಿನ ಮೇಲೆ ಬಿದ್ದರೆ ಕೆಳಗೆ ಎಂಥ ಸದ್ದು ಗೊತ್ತೇ? ಸುಮಾರು 15,000 ಹರ್ಟ್ಸ್‌ನ ಕೀರಲು ಸ್ವರ! ಸಣ್ಣ ಹನಿ ಬಿದ್ದಲ್ಲಿ ಸಿಕ್ಕಿಬೀಳುವ ಗುಳ್ಳೆ ಹೀಗೆ ಕೀರುತ್ತದೆ. ಇದನ್ನೇ ನೀರೊಳಗಿನ ಮೈಕ್‌ನಲ್ಲಿ ಹಿಡಿದು, ನಡುಗಡಲಲ್ಲಿ ಎಷ್ಟು ಮಳೆ ಬಿತ್ತೆಂದು ಲೆಕ್ಕ ಹಾಕುತ್ತಾರೆ!

ಮನೆಯೊಳಗೆ

ಬೆಳಿಗ್ಗೆ ತೆಳ್ಳೇವು ಎರೆಯುವ ಮೊದಲು ಅಮ್ಮ ಕಾವಲಿಗೆ ನೀರು ಚಿಮುಕಿಸುತ್ತಾಳಲ್ಲ? ‘ಚುಂಯ್’ ಎಂದರೆ ಕಾವಲಿ ಕಾದಿದೆ. ವಿಪರೀತ ಕಾದರೆ ಹನಿ ಬೇಗ ಆರುವುದೇ ಇಲ್ಲ! ತನ್ನದೇ ಆವಿಯ ಮೇಲೆ ಕೂತು ಗೋಲಿಯ ಹಾಗೆ ಓಡಾಡುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲೇ ಇದನ್ನು ಬರೆದಿಟ್ಟ!

ನಲ್ಲಿಯ ಕೆಳಗೆ ಕೊಡ ಇಟ್ಟು ಒಳಗೆ ಹೋದಿರಿ. ಇನ್ನೇನು ತುಂಬಿತು ಎಂದು ನೋಡದೆಯೇ ಗೊತ್ತಾಗುತ್ತದೆ! ನೀರು ಏರಿದಂತೆ ಮೇಲೆ ಉಳಿದ ಗಾಳಿಯ ಕಂಬ ಗಿಡ್ಡವಾಗುತ್ತದೆ, ಸ್ವರ ಏರುತ್ತದೆ. ಕಲಿಸದೆಯೇ ನಿಮ್ಮ ಕಿವಿ ಕಲಿತ ಪಾಠ ಇದು!

ಮಳೆಗಾಲದಲ್ಲಿ ಹಂಚಿನ ಸಂದಿಯಿಂದ ಪಾತ್ರೆಗೆ ‘ಟಪಕ್... ಟಪಕ್...’. ನಿದ್ದೆಗೆಡಿಸುವ ಈ ಸದ್ದು ಹನಿ ನೀರಿಗೆ ಬಡಿದದ್ದಲ್ಲ! ಹನಿಯ ಕೆಳಗೆ ಸಿಕ್ಕ ಪುಟ್ಟ ಗುಳ್ಳೆಯ ಮಿಡಿತ ಎಂದು 2018ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ತೋರಿಸಿದರು. ಮದ್ದೂ ಹೇಳಿದರು: ಪಾತ್ರೆಯ ನೀರಿಗೆ ಸ್ವಲ್ಪ ಸಾಬೂನು ಬೆರೆಸಿ. ಸದ್ದು ಬಂದ್!

ಕಣ್ಣು ಮುಚ್ಚಿ. ಯಾರಾದರೂ ಒಂದು ಲೋಟಕ್ಕೆ ಬಿಸಿನೀರು, ಇನ್ನೊಂದಕ್ಕೆ ತಣ್ಣೀರು ಹೊಯ್ಯಲಿ. ಯಾವುದು ಬಿಸಿ ಎಂದು ಸದ್ದಿನಿಂದಲೇ ಹೇಳಬಲ್ಲಿರಾ? ಪರೀಕ್ಷೆ ಮಾಡಿದಾಗ ಹೆಚ್ಚಿನವರು ಸರಿಯಾಗಿ ಹೇಳಿದ್ದಾರೆ! ಇವತ್ತೇ ಮನೆಯಲ್ಲಿ ಪಂದ್ಯ ಕಟ್ಟಿ!

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ‘ಸತ್ಯ, ಸತ್ಯ’ ಎಂದು ನೆಲ ಕುಟ್ಟುತ್ತೇವೆ. ಹಾವು, ಓತಿಕ್ಯಾತಗಳ ಬಳಗದಲ್ಲಿ ಇಷ್ಟು ಮಾತಾಡುವ ಜೀವಿಗಳು ಅಪರೂಪ! ಇನ್ನೂ ಬೆರಗಿನದು ಅದರ ಕಿವಿ. ಎರಡು ಕಿವಿಗಳ ನಡುವೆ ಒಳಗೇ ದಾರಿಯಿದೆ. ಒಂದು ಕಿವಿಗೆ ಬೆಳಕು ಬಿಟ್ಟರೆ ಇನ್ನೊಂದರಲ್ಲಿ ಹೊಳೆಯುತ್ತದೆ!

ಕಿವಿಯ ಬಳಿ ‘ಗುಂಯ್’ ಎನ್ನುವ ಸೊಳ್ಳೆ ನಿಮ್ಮನ್ನು ರೇಗಿಸಲು ಹಾಡುತ್ತಿಲ್ಲ, ಅದು ರೆಕ್ಕೆಯ ಸದ್ದು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಗಂಡು ಹೆಣ್ಣು ಜೊತೆಯಾಗುವಾಗ ರೆಕ್ಕೆ ಬಡಿತ ಹೊಂದಿಸಿಕೊಂಡು, 1,200 ಹರ್ಟ್ಸ್‌ನಲ್ಲಿ ಶ್ರುತಿ ಸೇರಿಸುತ್ತವೆ! ಇದು ಬೆಳಕಿಗೆ ಬಂದದ್ದು 2009ರಲ್ಲಿ.

ಊರೊಳಗೆ

ಮೈಕ್ ಇಲ್ಲದ ಕಾಲದಲ್ಲಿ ಇವತ್ತು ಯಕ್ಷಗಾನದ ಆಟ ಇದೆ ಎಂದು ಊರಿಗೆಲ್ಲ ಹೇಳುವುದು ಹೇಗೆ? ಸಂಜೆ ಚಂಡೆ ಮದ್ದಳೆ ಬಾರಿಸಿದರೆ ಆಯಿತು! ಇದಕ್ಕೆ ‘ಕೇಳಿ’ ಬಾರಿಸುವುದು ಎನ್ನುತ್ತಾರೆ. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಮೇಳ ಹುಟ್ಟಿದ್ದು ಅಂಥ ಕಾಲದಲ್ಲೇ, 1934ರಲ್ಲಿ, ಕಟ್ಟಿದವರು ಕೆರೆಮನೆ ಶಿವರಾಮ ಹೆಗಡೆ. ಪೋಸ್ಟರ್ ಬೇಕಿಲ್ಲ, ಚಂಡೆ ಸಾಕು!

ಹಾಲಕ್ಕಿ ಒಕ್ಕಲಿಗರ ಗುಮಟೆಯನ್ನು ನೋಡಿದ್ದೀರಾ? ಅದೊಂದು ಮಣ್ಣಿನ ಮಡಕೆ! ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮ ಬಡಿಯುವಾಗ ಎಡಗೈ ಆ ತೆರೆದ ಬಾಯಿಯನ್ನು ಮುಚ್ಚಿ ತೆಗೆದು ಮಾಡುತ್ತದೆ. ಗಾಳಿ ಹಿಡಿದಂತೆ ನಾದ ಬದಲು!

ಹೊನ್ನಾವರದಲ್ಲಿ ಶರಾವತಿಯ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು! ಹಾರ್ನ್ ಹಾಕುತ್ತಾ ಬರುವ ರೈಲು ನಿಮ್ಮನ್ನು ದಾಟಿದ ಕೂಡಲೇ ಸ್ವರ ಇಳಿಯುತ್ತದೆ, ಗಮನಿಸಿ. ಇದನ್ನು ಪರೀಕ್ಷಿಸಲು 1845ರಲ್ಲಿ ಹಾಲೆಂಡಿನ ಬಾಯಿಸ್ ಬಾಲೋಟ್ ತುತ್ತೂರಿಯವರನ್ನೇ ರೈಲಿಗೆ ಹತ್ತಿಸಿದ! ಸ್ವರ ಗುರುತಿಸಲು ಹಳಿಯ ಪಕ್ಕದಲ್ಲೂ ಸಂಗೀತಗಾರರು!

ಭಟ್ಕಳದ ಪೇಟೆಯಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲ ಒಟ್ಟಿಗೆ ಕೇಳುತ್ತವೆ. ಅಷ್ಟು ಗದ್ದಲದಲ್ಲಿ ಯಾರೋ ದೂರದಿಂದ ನಿಮ್ಮ ಹೆಸರು ಹೇಳಲಿ, ತಟ್ಟನೆ ತಿರುಗುತ್ತೀರಿ! ಕೇಳುತ್ತಿಲ್ಲ ಎಂದುಕೊಂಡ ಮಾತನ್ನೂ ಮಿದುಳು ಸೋಸುತ್ತಲೇ ಇರುತ್ತದೆ!

ಇಷ್ಟು ನುಡಿಗಳ ನಡುವೆ ಹುಟ್ಟುವ ಕೂಸು ಯಾವ ಭಾಷೆಯಲ್ಲಿ ಅಳುತ್ತದೆ? ನಗಬೇಡಿ! 2009ರಲ್ಲಿ ಫ್ರೆಂಚ್ ಮತ್ತು ಜರ್ಮನ್ ಹಸುಗೂಸುಗಳ ಅಳುವನ್ನು ಹೋಲಿಸಿದರು. ಒಂದರ ರಾಗ ಏರುತ್ತಿತ್ತು, ಇನ್ನೊಂದರದು ಇಳಿಯುತ್ತಿತ್ತು, ಥೇಟ್ ಅವರವರ ತಾಯ್ನುಡಿಯ ಧಾಟಿಯಲ್ಲೇ! ಹೊಟ್ಟೆಯೊಳಗೇ ಕೇಳಿ ಕಲಿತದ್ದು!

ಘಟ್ಟದ ಕಡೆ

ಅಘನಾಶಿನಿ ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಆ ಅಬ್ಬರಕ್ಕೆ ಪಕ್ಕದವರ ಮಾತೂ ಕೇಳದು! ಅದಕ್ಕೇ ಜನ ಇದನ್ನು ಕೆಪ್ಪ ಜೋಗ ಎಂದು ಕರೆದರು. 1845ರಲ್ಲಿ ಇದನ್ನು ಕಂಡ ಕಲೆಕ್ಟರ್ ಲಷಿಂಗ್ಟನ್ ಹೆಸರೂ ಅಂಟಿಕೊಂಡಿದೆ. ಹಾಲೆಂಡಿನಲ್ಲಿ ತುತ್ತೂರಿಯವರು ರೈಲು ಹತ್ತಿದ್ದೂ ಅದೇ ವರ್ಷ!

ಕಾಡಿನಲ್ಲಿ ಕಿವಿಗಡಚಿಕ್ಕುವ ಜೀರುಂಡೆಗಳೆಲ್ಲ ಗಂಡೇ! ಹೊಟ್ಟೆಯ ಪಕ್ಕದ ಪಟಲವನ್ನು ಒಳಗೆಳೆದು ಬಿಟ್ಟು ಸದ್ದು ಮಾಡುತ್ತವೆ. ಹೊಟ್ಟೆಯ ಬಹುಭಾಗ ಟೊಳ್ಳು, ಅದೇ ಸದ್ದನ್ನು ಹಿಗ್ಗಿಸುವ ಬುರುಡೆ. ತನ್ನ ಕೂಗಿಗೆ ತಾನೇ ಕಿವುಡಾಗಬಾರದಲ್ಲ? ಕೂಗುವಾಗ ತನ್ನ ಕಿವಿಯ ತಮಟೆಯನ್ನು ಸಡಿಲ ಮಾಡಿಕೊಳ್ಳುತ್ತದೆ!

ಕತ್ತಲಾದ ಮೇಲೆ ‘ಕಿರ್ರ್’ ಎನ್ನುವ ಚಿಮ್ಮಂಡೆಯ ಕಿವಿ ಎಲ್ಲಿದೆ ಹೇಳಿ ನೋಡೋಣ? ತಲೆಯಲ್ಲಿ ಹುಡುಕಬೇಡಿ. ಮುಂಗಾಲಿನಲ್ಲಿದೆ, ಮಂಡಿಯ ಸ್ವಲ್ಪ ಕೆಳಗೆ! ಹಾಡುವುದು ರೆಕ್ಕೆಯಿಂದ, ಕೇಳುವುದು ಕಾಲಿನಿಂದ!

ಗದ್ದೆಯ ಬದಿ ಮಿಂಚುಳ್ಳಿ ಕೂಗಿತು. ನೋಡಿದರೆ ಹಕ್ಕಿಯೇ ಇಲ್ಲ! ಕೂಗಿದ್ದು ಕಪ್ಪೆಯಾಗಿರಬಹುದು. ನಮ್ಮ ಪಶ್ಚಿಮ ಕರಾವಳಿಯ ಬಯಲಿನ ‘ಯೂಫ್ಲಿಕ್ಟಿಸ್ ಕರಾವಳಿ’ ಎಂಬ ಕಪ್ಪೆಯ ಕೂಗು ಗದ್ದೆ ಮಿಂಚುಳ್ಳಿಯ ಕೂಗನ್ನೇ ಹೋಲುತ್ತದೆ. ಜನರ ನಡುವೆಯೇ ಇದ್ದ ಇದು ಹೊಸ ಜಾತಿ ಎಂದು ಜಗತ್ತಿಗೆ ಗೊತ್ತಾದದ್ದು 2016ರಲ್ಲಿ!

ಕಪ್ಪೆ ಬಾಯಿ ತೆರೆದು ವಟಗುಟ್ಟುತ್ತದೆ ಎಂದುಕೊಂಡಿದ್ದೀರಾ? ಬಾಯಿ, ಮೂಗು ಎರಡೂ ಮುಚ್ಚಿರುತ್ತವೆ! ಒಂದೇ ಉಸಿರನ್ನು ಶ್ವಾಸಕೋಶಕ್ಕೂ ಗಂಟಲ ಚೀಲಕ್ಕೂ ಹಿಂದೆ ಮುಂದೆ ದೂಡಿ ಮತ್ತೆ ಮತ್ತೆ ಕೂಗುತ್ತದೆ. ಗಾಳಿ ಖರ್ಚೇ ಇಲ್ಲ!

ಹೊನ್ನಾವರದಿಂದ ಜೋಗದ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಅಲ್ಲಿ ಕುಂಬಾರ ಕಪ್ಪೆ ಇದೆ! ಗಂಡು ಕೂಗಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡೇ ಮುಂಗೈಯಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಹೊಸ ಜಾತಿಯೆಂದು 2014ರಲ್ಲಿ ಹೆಸರಿಟ್ಟಾಗ ವಿಜ್ಞಾನಿಗಳು ‘ಕುಂಬಾರ’ ಎಂದೇ ಇಟ್ಟರು!

ತಲೆಯ ಮೇಲೆ ‘ಹುಸ್ಸ್, ಹುಸ್ಸ್’ ಎಂದು ಆವಿ ಬಿಟ್ಟ ಸದ್ದು ಕೇಳಿತೇ? ದೊಡ್ಡ ಮಂಗಟ್ಟೆ ಹಾರುತ್ತಿದೆ! ಬೇರೆ ಹಕ್ಕಿಗಳ ರೆಕ್ಕೆಗರಿಗಳ ಬುಡವನ್ನು ಕೆಳಗಿನಿಂದ ಸಣ್ಣ ಗರಿಗಳು ಮುಚ್ಚಿರುತ್ತವೆ. ಮಂಗಟ್ಟೆಗೆ ಆ ಹೊದಿಕೆ ಸಾಲದು. ಸಂದಿಯಲ್ಲಿ ಗಾಳಿ ನುಗ್ಗಿ ದೂರಕ್ಕೂ ಕೇಳುವ ಸದ್ದಾಗುತ್ತದೆ!

ಉದ್ದ ಬಾಲದ ಭೀಮರಾಜ ಹಕ್ಕಿ ಮಹಾ ಮಿಮಿಕ್ರಿ ಕಲಾವಿದ. ಬೇರೆ ಹಕ್ಕಿಗಳ ದನಿ ಮಾತ್ರವಲ್ಲ, ಅವು ಅಪಾಯ ಕಂಡಾಗ ಕೂಗುವ ಕೂಗನ್ನೂ ತನಗೆ ಅಪಾಯ ಕಂಡಾಗಲೇ ಹೊರಡಿಸುತ್ತದೆ! ಯಾವ ಕೂಗು ಯಾವ ಹೊತ್ತಿಗೆ ಎಂಬುದೂ ಅದಕ್ಕೆ ಗೊತ್ತು!

ಕೊನೆಗೆ, ನಿಮ್ಮ ಕಿವಿ

ಸುತ್ತಲಿನ ಸದ್ದಿಗೆ ಕಿವಿಗೊಡಲೆಂದೇ ಒಂದು ದಿನವಿದೆ, ಗೊತ್ತೇ? ಜುಲೈ 18, ವಿಶ್ವ ಆಲಿಸುವ ದಿನ! ಕೆನಡಾದ ಸಂಗೀತ ರಚನಕಾರ ಮರೇ ಶೇಫರ್ ಹುಟ್ಟಿದ ದಿನ ಅದು. ಸದ್ದು ಕೇಳುವುದಕ್ಕೆಂದೇ ನಡೆಯಲು ಹೋಗಿ ಎಂದು ಆತ ಕಲಿಸಿದ. ನಮ್ಮಲ್ಲಿ ಆಗ ಜಡಿಮಳೆ, ತುಂಬಿದ ಹೊಳೆ, ಕಪ್ಪೆಗಳ ಕಛೇರಿ. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ?

ಅತಿ ಸಣ್ಣ ಸದ್ದು ಕೇಳಿದಾಗ ನಿಮ್ಮ ಕಿವಿಯ ತಮಟೆ ಎಷ್ಟು ಅಲುಗುತ್ತದೆ? ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ! ಅಷ್ಟಕ್ಕೇ ಸುದ್ದಿ ಮಿದುಳಿಗೆ ಮುಟ್ಟುತ್ತದೆ!

ಇನ್ನು ಇದನ್ನು ಕೇಳಿ: ಕಿವಿ ಕೇಳುವುದಷ್ಟೇ ಅಲ್ಲ, ತಾನೂ ಸದ್ದು ಮಾಡುತ್ತದೆ! 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಇದನ್ನು ಪತ್ತೆ ಮಾಡಿದ. ಹುಟ್ಟಿದ ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ಇಂದು ಆಸ್ಪತ್ರೆಯಲ್ಲಿ ನೋಡುವುದೂ ಹೀಗೆಯೇ. ಪುಟ್ಟ ಮೈಕನ್ನು ಕೂಸಿನ ಕಿವಿಗೆ ಇಡುತ್ತಾರೆ. ‘ಟಿಕ್’ ಎಂದು ಒಂದು ಸದ್ದು ಬಿಡುತ್ತಾರೆ. ಚೆನ್ನಾಗಿರುವ ಕಿವಿ ತಿರುಗಿ ಉತ್ತರ ಕೊಡುತ್ತದೆ!